ವಾಪಸ್ ಕೊಟ್ಟ ದುಡ್ಡಿಗೆ ಕಟ್ಟಿದ ತೆರಿಗೆ

ಅಮೆರಿಕದಲ್ಲಿರುವ ಕನ್ನಡಿಗರ ಒಂದು ಸಭೆಯಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ ಇದು. ಬೋರ್ಡಿನ ಮೇಲೆ ಬರೆದು ತೋರಿಸಿದ ಲೆಕ್ಕವನ್ನು ಇಲ್ಲಿ ಬಿಡಿಸಿ ಹೇಳಿದ್ದೇನೆ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳೂ ಇವೆ.

ಎಲ್ಲರಿಗೂ ನಮಸ್ಕಾರ. ರಜದ ದಿನ ತೆರಿಗೆಯ ಮಾತು ಕೇಳೋಕೆ ಇಷ್ಟು ಜನ ಬಂದಿದ್ದೀರಿ, ಸಂತೋಷ. ನೇರವಾಗಿ ವಿಷಯಕ್ಕೇ ಬರುತ್ತೇನೆ.

ಕಾಯಿಲೆಯಿಂದ ಕೆಲಸ ಬಿಟ್ಟವರ ಖಾತೆಗೆ ಒಂದು ದಿನ ಸರ್ಕಾರದಿಂದ ದೊಡ್ಡ ಮೊತ್ತ ಬಂದು ಬೀಳುತ್ತದೆ. ಅದರ ಬೆನ್ನಿಗೇ, ಅಲ್ಲಿಯವರೆಗೆ ತಿಂಗಳು ತಿಂಗಳು ಹಣ ಕೊಡುತ್ತಿದ್ದ ಇನ್ಶೂರೆನ್ಸ್ ಕಂಪನಿಯ ಪತ್ರ ಬರುತ್ತದೆ: ಆ ದುಡ್ಡು ನಮಗೆ ಸೇರಬೇಕು, ಕೊಡಿ. ಕೊಟ್ಟೂ ಬಿಡುತ್ತಾರೆ. ಮುಂದಿನ ಜನವರಿಯಲ್ಲಿ ಆ ಪೂರ್ತಿ ಮೊತ್ತ ನಿಮ್ಮ ಹೆಸರಿಗೇ ಬಂದಿದೆ ಎನ್ನುವ ತೆರಿಗೆ ಕಾಗದ ಮನೆಗೆ ಬರುತ್ತದೆ. ಹಿಂದಿನ ವರ್ಷಗಳಲ್ಲಿ ಇನ್ಶೂರೆನ್ಸ್ ದುಡ್ಡಿಗೆ ತೆರಿಗೆ ಕಟ್ಟಿ ಆಗಿದೆ. ಈಗ ಅದರ ಜಾಗಕ್ಕೆ ಬಂದ ಸರ್ಕಾರದ ದುಡ್ಡಿಗೂ ತೆರಿಗೆ. ಕೈಯಲ್ಲಿ ಉಳಿದದ್ದು ಒಂದೇ ಪಾಲು, ತೆರಿಗೆ ಮಾತ್ರ ಎರಡು ಪಾಲಿಗೆ.

ಇದಕ್ಕೆ ಕಾನೂನಿನಲ್ಲಿ ಪರಿಹಾರ ಇದೆ. ಆದರೆ ಅದು ತಾನಾಗಿ ನಡೆದುಕೊಂಡು ಬರುವುದಿಲ್ಲ. ನಾವೇ ರಿಟರ್ನ್‌ನಲ್ಲಿ ಕೇಳಬೇಕು. ಹೀಗೊಂದು ದಾರಿ ಇದೆ ಅಂತಲೇ ಗೊತ್ತಿಲ್ಲದೆ ಕಳೆದುಕೊಳ್ಳುವವರು ಇದ್ದಾರೆ. ಅವರೆಲ್ಲ ಮೊದಲೇ ಆರೋಗ್ಯ ಕಳೆದುಕೊಂಡವರು. ಅದಕ್ಕೇ ಈ ವಿಷಯ ನನಗೆ ಮನಸ್ಸಿಗೆ ಹತ್ತಿರ.

ಎರಡು ಕಡೆಯ ದುಡ್ಡು

ಇಲ್ಲಿರುವ ಹೆಚ್ಚಿನವರು ಕಂಪನಿ ಕೆಲಸದಲ್ಲಿರುವವರು. ಬೆನಿಫಿಟ್ಸ್ ಪಟ್ಟಿಯಲ್ಲಿ ಹೆಲ್ತ್ ಇನ್ಶೂರೆನ್ಸ್, 401ಕೆ ಎಂಬ ನಿವೃತ್ತಿ ಉಳಿತಾಯ ಇವನ್ನೆಲ್ಲ ಗಮನವಿಟ್ಟು ನೋಡಿರುತ್ತೀರಿ. ಅದೇ ಪಟ್ಟಿಯ ಕೆಳಗಡೆ ಎಲ್ಲೋ ಲಾಂಗ್ ಟರ್ಮ್ ಡಿಸೆಬಿಲಿಟಿ ಅಂತ ಒಂದು ಸಾಲು ಇರುತ್ತದೆ. ಚಿಕ್ಕದಾಗಿ ಎಲ್‌ಟಿಡಿ. ಕಾಯಿಲೆಯಿಂದಲೋ ಅಪಘಾತದಿಂದಲೋ ದುಡಿಯಲು ಆಗದಿದ್ದರೆ ಸಂಬಳದ ಒಂದು ಪಾಲನ್ನು, ಸಾಮಾನ್ಯವಾಗಿ ಶೇಕಡಾ 60ರಷ್ಟನ್ನು, ಇನ್ಶೂರೆನ್ಸ್ ಕಂಪನಿ ತಿಂಗಳು ತಿಂಗಳು ಕೊಡುತ್ತದೆ. ಮೊದಲ ಮೂರೋ ಆರೋ ತಿಂಗಳು ಕಾಯಬೇಕು.

ಇನ್ನೊಂದು ಕಡೆ ಸರ್ಕಾರದ ಸೋಶಿಯಲ್ ಸೆಕ್ಯುರಿಟಿ ಡಿಸೆಬಿಲಿಟಿ ಇನ್ಶೂರೆನ್ಸ್, ಅಂದರೆ ಎಸ್‌ಎಸ್‌ಡಿಐ. ಪೇಚೆಕ್‌ನಲ್ಲಿ ಫೈಕಾ ಅಂತ ಕಡಿತ ಆಗುತ್ತದಲ್ಲ, ಅದಕ್ಕೆ ಸಿಗುವ ಹಕ್ಕು ಇದು. ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರಿಗೂ ಆ ಕಡಿತ ಇದೆ, ಹಾಗಾಗಿ ಅವರ ವರ್ಷಗಳೂ ಲೆಕ್ಕಕ್ಕೆ ಸೇರುತ್ತವೆ. ವಯಸ್ಸು ಮೂವತ್ತು ದಾಟಿದವರಿಗೆ ಸಾಮಾನ್ಯ ನಿಯಮ ಹೀಗಿದೆ: ಕೊನೆಯ 10 ವರ್ಷಗಳಲ್ಲಿ ಕನಿಷ್ಠ 5 ವರ್ಷ ಇಲ್ಲಿ ದುಡಿದಿರಬೇಕು, ವಯಸ್ಸು ಹೆಚ್ಚಿದಂತೆ ಒಟ್ಟು ದುಡಿಮೆಯೂ ಜಾಸ್ತಿ ಬೇಕು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ದುಡಿದ ವರ್ಷಗಳನ್ನು ಇದಕ್ಕೆ ಸೇರಿಸಲು ಬರುವುದಿಲ್ಲ. ಭಾರತ ಮತ್ತು ಅಮೆರಿಕದ ನಡುವೆ ಅಂಥ ಒಪ್ಪಂದ ಇಲ್ಲ. ಹೊಸದಾಗಿ ಬಂದವರು ಇದನ್ನು ನೆನಪಿಟ್ಟುಕೊಳ್ಳಿ.

ಎಸ್‌ಎಸ್‌ಡಿಐ ಸಿಗುವುದು ತಡ. ಕಾಯಿಲೆ ಶುರುವಾದ ಮೇಲೆ ಪೂರ್ತಿ 5 ತಿಂಗಳು ಏನೂ ಸಿಗದು. ಆಮೇಲೂ ಮೊದಲ ಅರ್ಜಿ ತಿರಸ್ಕಾರವಾಗುವುದೇ ಹೆಚ್ಚು. ಮರುಪರಿಶೀಲನೆ, ಅದೂ ಆಗದಿದ್ದರೆ ನ್ಯಾಯಾಧೀಶರ ಮುಂದೆ ವಿಚಾರಣೆ. ಹೀಗೆ ವರ್ಷ, ಎರಡು ವರ್ಷ ಕಳೆಯುತ್ತದೆ. ಕೊನೆಗೆ ಮಂಜೂರಾದಾಗ ಹಿಂದಿನ ಬಾಕಿಯೆಲ್ಲ ಒಟ್ಟಿಗೆ ಬರುತ್ತದೆ. ಅದೇ ಆ ದೊಡ್ಡ ಮೊತ್ತ.

ಈ ನಡುವೆ ಎಲ್‌ಟಿಡಿ ಕಂಪನಿ ಪೂರ್ತಿ ಹಣ ಕೊಡುತ್ತಿರುತ್ತದೆ. ಆದರೆ ಪಾಲಿಸಿಯಲ್ಲಿ ಆಫ್‌ಸೆಟ್ ಎಂಬ ಷರತ್ತು ಇರುತ್ತದೆ: ನಿಮಗೆ ಸೋಶಿಯಲ್ ಸೆಕ್ಯುರಿಟಿ ಎಷ್ಟು ಬರುತ್ತದೋ ಅಷ್ಟನ್ನು ನಾವು ಕಳೆದು ಕೊಡುತ್ತೇವೆ. ಮಂಜೂರಾತಿ ತಡವಾದರೆ ಆಗ ಹೆಚ್ಚಾಗಿ ಕೊಟ್ಟದ್ದನ್ನು ವಾಪಸ್ ಮಾಡುತ್ತೇನೆ ಎಂದು ಶುರುವಿನಲ್ಲೇ ಸಹಿ ಹಾಕಿಸಿಕೊಂಡಿರುತ್ತಾರೆ. ಆಸ್ಪತ್ರೆಗೆ ಓಡಾಡುವ ದಿನಗಳಲ್ಲಿ ಹಾಕಿದ ಸಹಿ. ಎಷ್ಟೋ ಜನರಿಗೆ ಅದು ನೆನಪೂ ಇರುವುದಿಲ್ಲ.

ಮೊದಲು ನೋಡಬೇಕಾದ್ದು: ಪ್ರೀಮಿಯಂ ಕಟ್ಟಿದ್ದು ಯಾರು?

ನನ್ನ ಹತ್ತಿರ ಯಾರಾದರೂ ಈ ಪತ್ರ ಹಿಡಿದುಕೊಂಡು ಬಂದರೆ ನಾನು ಕೇಳುವ ಮೊದಲ ಪ್ರಶ್ನೆ ಇದೇ.

ಎಲ್‌ಟಿಡಿ ಪ್ರೀಮಿಯಂ ನೀವು ಕೆಲಸ ಮಾಡುವ ಕಂಪನಿ ಕಟ್ಟಿದ್ದರೆ, ಅಥವಾ ನಿಮ್ಮ ಸಂಬಳದಿಂದಲೇ ತೆರಿಗೆಗೆ ಮುಂಚೆ ಕಡಿತವಾಗಿದ್ದರೆ, ಬರುವ ಎಲ್‌ಟಿಡಿ ಹಣ ಪೂರ್ತಿ ತೆರಿಗೆಗೆ ಒಳಪಡುತ್ತದೆ. ತೆರಿಗೆ ಕಳೆದ ಮೇಲಿನ ಸಂಬಳದಿಂದ ನೀವೇ ಕಟ್ಟಿದ್ದರೆ ಒಂದು ಡಾಲರಿಗೂ ತೆರಿಗೆ ಇಲ್ಲ. ಇಬ್ಬರೂ ಹಂಚಿಕೊಂಡು ಕಟ್ಟಿದ್ದರೆ ಆ ಪ್ರಮಾಣದಲ್ಲೇ ತೆರಿಗೆ.

ತೆರಿಗೆಯೇ ಇಲ್ಲದ ದುಡ್ಡನ್ನು ವಾಪಸ್ ಕೊಟ್ಟರೆ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನಿಂದ ಕೇಳುವುದಕ್ಕೆ ಏನೂ ಇಲ್ಲ. ಕಟ್ಟದ ತೆರಿಗೆಯನ್ನು ವಾಪಸ್ ಕೇಳಲು ಆಗಲ್ಲ ಅಲ್ವಾ? ಇವತ್ತಿನ ಮಾತೆಲ್ಲ ತೆರಿಗೆ ಕಟ್ಟಿ ಪಡೆದ ಎಲ್‌ಟಿಡಿ ಹಣದ ಬಗ್ಗೆ. ಹಳೆಯ ಡಬ್ಲ್ಯು-2, ಅಂದರೆ ವರ್ಷದ ಆದಾಯ ಮತ್ತು ಕಡಿತ ತೋರಿಸುವ ಕಾಗದ, ತೆಗೆದು ನೋಡಿ. ಇನ್ಶೂರೆನ್ಸ್ ಹಣ ಬಾಕ್ಸ್ 1ರಲ್ಲಿ ಇದ್ದರೆ ಅದಕ್ಕೆ ತೆರಿಗೆ ಆಗಿದೆ. ಬಾಕ್ಸ್ 12ರಲ್ಲಿ ಜೆ ಅಕ್ಷರದ ಮುಂದೆ ಇದ್ದರೆ ಅದು ತೆರಿಗೆ ಇಲ್ಲದ ಪಾಲು.

ಎರಡನೆಯದು, ವಾಪಸ್ ಕೊಟ್ಟಿದ್ದು ಯಾವ ವರ್ಷ. ಪಡೆದ ವರ್ಷದಲ್ಲೇ ಕೊಟ್ಟಿದ್ದರೆ ಆ ವರ್ಷದ ಡಬ್ಲ್ಯು-2ರಲ್ಲೇ ಕಡಿಮೆಯಾಗಿ ಬರಬೇಕು. ಅಲ್ಲಿಗೆ ಮುಗಿಯಿತು. ವರ್ಷ ದಾಟಿದ ಮೇಲೆ ಕೊಟ್ಟರೇ ತೊಡಕು.

ಒಂದು ಹಳೆಯ ಬೋನಸ್ ಕತೆ

ವರ್ಷ ದಾಟಿದರೆ ಯಾಕೆ ತೊಡಕು? ಹಳೆಯ ವರ್ಷದ ರಿಟರ್ನ್ ತಿದ್ದಿಬಿಟ್ಟರೆ ಆಯ್ತಲ್ಲ ಅನ್ನಿಸುತ್ತದೆ. ಅದು ಆಗಲ್ಲ. ಅದಕ್ಕೆ ಒಂದು ಕೇಸಿನ ಹಿನ್ನೆಲೆ ಇದೆ. ಆ ಕೇಸು ಗೊತ್ತಿದ್ದರೆ ಇವತ್ತಿನ ನಿಯಮದ ತರ್ಕ ತಾನಾಗಿ ಅರ್ಥವಾಗುತ್ತದೆ, ಹಾಗಾಗಿ ಸ್ವಲ್ಪ ಹೊತ್ತು ಅದನ್ನೇ ಹೇಳುತ್ತೇನೆ.

1944ರಲ್ಲಿ ಲೂಯಿಸ್ ಎಂಬ ಉದ್ಯೋಗಿಗೆ ಸುಮಾರು 22,000 ಡಾಲರ್ ಬೋನಸ್ ಬಂತು. ಅವರು ಅದನ್ನು ತೋರಿಸಿ ತೆರಿಗೆ ಕಟ್ಟಿದರು. ಆಮೇಲೆ ಬೋನಸ್ ಲೆಕ್ಕವೇ ತಪ್ಪಾಗಿತ್ತು ಅಂತ ಕೋರ್ಟಿನಲ್ಲಿ ತೀರ್ಮಾನವಾಯಿತು. 1946ರಲ್ಲಿ ಸುಮಾರು 11,000 ಡಾಲರ್ ವಾಪಸ್ ಕೊಡಬೇಕಾಯಿತು. ನನ್ನದಲ್ಲದ ದುಡ್ಡಿಗೆ 1944ರಲ್ಲಿ ಕಟ್ಟಿದ ತೆರಿಗೆಯನ್ನು ಹಿಂದಿರುಗಿಸಿ ಅಂತ ಅವರು ಕೇಳಿದರು. 1951ರಲ್ಲಿ ಸುಪ್ರೀಂ ಕೋರ್ಟ್ ಆಗಲ್ಲ ಅಂದಿತು. ಆ ವರ್ಷ ನೀವು ಆ ದುಡ್ಡನ್ನು ನಿಮ್ಮದೇ ಅಂತ ಇಟ್ಟುಕೊಂಡು ಖರ್ಚು ಮಾಡಿದ್ದೀರಿ. ಆ ವರ್ಷದ ಲೆಕ್ಕ ಆ ವರ್ಷಕ್ಕೇ ಮುಗಿಯಿತು. ವಾಪಸ್ ಕೊಟ್ಟ ವರ್ಷದಲ್ಲಿ ಬೇಕಾದರೆ ಡಿಡಕ್ಷನ್, ಅಂದರೆ ತೆರಿಗೆ ಬೀಳುವ ಆದಾಯದಿಂದ ಕಡಿತ, ತಗೊಳ್ಳಿ. ತೀರ್ಪಿನ ಸಾರ ಇಷ್ಟು.

ಕೇಳೋಕೆ ಸರಿ ಅನ್ನಿಸಬಹುದು. ಆದರೆ 1944 ಯುದ್ಧದ ಕಾಲ, ತೆರಿಗೆ ದರ ತುಂಬಾ ಮೇಲಿತ್ತು. ಹೆಚ್ಚು ದರದಲ್ಲಿ ಕಟ್ಟಿ, ಕಡಿಮೆ ದರದ ವರ್ಷದಲ್ಲಿ ಡಿಡಕ್ಷನ್ ತಗೊಂಡರೆ ನಷ್ಟ. ಕಾಯಿಲೆಯಿಂದ ಆದಾಯ ಕುಸಿದವರಿಗಂತೂ ಈ ನಷ್ಟ ಇನ್ನೂ ಹೆಚ್ಚು.

ಈ ಅನ್ಯಾಯವನ್ನು ಸರಿಮಾಡಲು ಅಮೆರಿಕದ ಕಾಂಗ್ರೆಸ್ 1954ರ ತೆರಿಗೆ ಕಾನೂನಿನಲ್ಲಿ ಸೆಕ್ಷನ್ 1341 ಸೇರಿಸಿತು. ವಾಪಸ್ ಕೊಟ್ಟ ಮೊತ್ತ 3,000 ಡಾಲರಿಗಿಂತ ಹೆಚ್ಚಿದ್ದರೆ ಎರಡು ದಾರಿ. ಒಂದು, ಕೊಟ್ಟ ವರ್ಷದಲ್ಲಿ ಡಿಡಕ್ಷನ್. ಇನ್ನೊಂದು, ಹಳೆಯ ವರ್ಷದಲ್ಲಿ ಆ ದುಡ್ಡು ಬಂದೇ ಇರದಿದ್ದರೆ ಎಷ್ಟು ತೆರಿಗೆ ಕಡಿಮೆಯಾಗುತ್ತಿತ್ತು ಅಂತ ಲೆಕ್ಕ ಹಾಕಿ, ಅಷ್ಟನ್ನು ಈ ವರ್ಷದ ತೆರಿಗೆಯಿಂದ ಕ್ರೆಡಿಟ್ ಆಗಿ ಕಳೆಯುವುದು. ಯಾವುದರಲ್ಲಿ ತೆರಿಗೆ ಕಡಿಮೆಯೋ ಅದನ್ನು ಆರಿಸಿಕೊಳ್ಳಬಹುದು.

3,000 ಡಾಲರ್ ಅಥವಾ ಅದಕ್ಕಿಂತ ಕಡಿಮೆ ವಾಪಸ್ ಕೊಟ್ಟವರಿಗೆ ಈಗ ಏನೂ ಇಲ್ಲ. ಅಂಥ ಸಣ್ಣ ಮೊತ್ತಕ್ಕೆ ಇದ್ದ ಡಿಡಕ್ಷನ್ 2018ರಿಂದ ನಿಂತುಹೋಯಿತು. 2025ರ ಕಾನೂನು ಅದನ್ನು ಕಾಯಂ ಆಗಿ ತೆಗೆದುಹಾಕಿತು. 1954ರಲ್ಲಿ 3,000 ಡಾಲರ್ ಅಂದರೆ ದೊಡ್ಡ ದುಡ್ಡು. ಆ ಸಂಖ್ಯೆಯನ್ನು ಇವತ್ತಿಗೂ ಬದಲಿಸಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ. 2,800 ಡಾಲರ್ ವಾಪಸ್ ಕೊಟ್ಟ ರೋಗಿಗೆ ಆ ತೆರಿಗೆ ಸುಮ್ಮನೆ ಹೋಯಿತು ಅಂತಲೇ ಅರ್ಥ.

ಎಲ್‌ಟಿಡಿ ವಾಪಸಾತಿಗೆ ಇದು ಅನ್ವಯಿಸುತ್ತದೆಯೇ ಅಂತ ಅನುಮಾನ ಬೇಡ. ಐಆರ್‌ಎಸ್‌ನ ಪಬ್ಲಿಕೇಶನ್ 915ರಲ್ಲಿ ಇದೇ ಸಂದರ್ಭವನ್ನು ಹೆಸರಿಟ್ಟು ಹೇಳಿದ್ದಾರೆ. ಸೋಶಿಯಲ್ ಸೆಕ್ಯುರಿಟಿಯಿಂದ ಒಟ್ಟು ಮೊತ್ತ ಬಂದು, ಅದರಿಂದ ಕಂಪನಿಗೋ ಇನ್ಶೂರೆನ್ಸ್‌ಗೋ ಹಣ ವಾಪಸ್ ಕೊಟ್ಟಿದ್ದರೆ, ಹಿಂದೆ ಆದಾಯವಾಗಿ ತೋರಿಸಿದ್ದ ಪಾಲಿಗೆ ಡಿಡಕ್ಷನ್ ಅಥವಾ ಕ್ರೆಡಿಟ್ ಕೇಳಬಹುದು ಅಂತ ಅಲ್ಲೇ ಇದೆ. ನಿಮ್ಮ ತೆರಿಗೆ ಮಾಡಿಕೊಡುವವರು ಹೀಗೊಂದು ನಿಯಮ ಇಲ್ಲ ಅಂದರೆ ಆ ಪುಟ ತೋರಿಸಿ.

ಒಂದು ಪೂರ್ತಿ ಲೆಕ್ಕ

ಈಗ ಒಬ್ಬರನ್ನು ಊಹಿಸಿಕೊಳ್ಳೋಣ. ಒಂಟಿಯಾಗಿರುವ ಇಂಜಿನಿಯರ್, ವಾರ್ಷಿಕ ಸಂಬಳ 1,00,000 ಡಾಲರ್. 2022ರ ಜುಲೈನಲ್ಲಿ ಕಾಯಿಲೆ. 2023ರ ಜನವರಿಯಿಂದ ಎಲ್‌ಟಿಡಿ ತಿಂಗಳಿಗೆ 5,000 ಡಾಲರ್. ಪ್ರೀಮಿಯಂ ಕಟ್ಟಿದ್ದು ಕೆಲಸ ಕೊಟ್ಟ ಕಂಪನಿ, ಹಾಗಾಗಿ ಪೂರ್ತಿ ತೆರಿಗೆ. ಬೇರೆ ಆದಾಯ ಇಲ್ಲ. 2025ರ ಶುರುವಿನಲ್ಲಿ ಎಸ್‌ಎಸ್‌ಡಿಐ ಮಂಜೂರಾಗುತ್ತದೆ, ತಿಂಗಳಿಗೆ 2,500. ಲೆಕ್ಕ ಸುಲಭವಾಗಲಿ ಅಂತ ವರ್ಷದ ಏರಿಕೆ, ಒಂದು ತಿಂಗಳ ಹಿಂದುಮುಂದು ಇವನ್ನೆಲ್ಲ ಬಿಟ್ಟಿದ್ದೇನೆ. 2023ಕ್ಕೆ 30,000, 2024ಕ್ಕೆ 30,000, ಒಟ್ಟು ಬಾಕಿ 60,000 ಡಾಲರ್.

ವಕೀಲರ ಫೀಸು ಬಾಕಿಯ ಶೇಕಡಾ 25, ಆದರೆ 2025ರ ಮಿತಿಯಂತೆ 9,200 ಡಾಲರ್ ಮೀರುವಂತಿಲ್ಲ. ಸೋಶಿಯಲ್ ಸೆಕ್ಯುರಿಟಿ ಕಚೇರಿಯೇ ಅದನ್ನು ಹಿಡಿದುಕೊಂಡು ವಕೀಲರಿಗೆ ಕೊಡುತ್ತದೆ. ಖಾತೆಗೆ ಬಂದದ್ದು 50,800. ಬಹಳಷ್ಟು ಎಲ್‌ಟಿಡಿ ಕಂಪನಿಗಳು ಫೀಸಿನಷ್ಟು ಬಿಟ್ಟು ಉಳಿದದ್ದನ್ನು ಕೇಳುತ್ತವೆ. ಇಲ್ಲೂ ಹಾಗೇ ಅಂದುಕೊಳ್ಳೋಣ: ಕಂಪನಿಗೆ 50,800 ಕೊಟ್ಟಾಯಿತು. ಬಂದದ್ದೆಲ್ಲ ಹೋಯಿತು.

2026ರ ಜನವರಿಯಲ್ಲಿ ಬರುವ ಕಾಗದದ ಹೆಸರು ಎಸ್‌ಎಸ್‌ಎ-1099. ಅದರ ಬಾಕ್ಸ್ 5ರಲ್ಲಿ 90,000 ಅಂತ ಇರುತ್ತದೆ. 60,000 ಬಾಕಿ, 30,000 ಆ ವರ್ಷದ್ದು. ವಕೀಲರಿಗೆ ನೇರವಾಗಿ ಹೋದ 9,200 ಕೂಡ ಅದರೊಳಗೇ ಸೇರಿದೆ. ಬಾಕ್ಸ್ 3ರ ಕೆಳಗೆ ಸಣ್ಣ ಅಕ್ಷರದಲ್ಲಿ ವಿವರ ಇರುತ್ತದೆ: ಇದರಲ್ಲಿ 2024ಕ್ಕೆ ಇಷ್ಟು, 2023ಕ್ಕೆ ಇಷ್ಟು, ವಕೀಲರಿಗೆ ಇಷ್ಟು. ಆ ಸಣ್ಣ ಅಕ್ಷರಗಳೇ ನಮ್ಮ ಆಧಾರ. ಆ ಹಾಳೆ ಕಳೆಯಬೇಡಿ.

2025ರಲ್ಲಿ ಎಲ್‌ಟಿಡಿ ಅರ್ಧಕ್ಕೆ ಇಳಿದು ವರ್ಷಕ್ಕೆ 30,000 ಬಂದಿದೆ. ಸೋಶಿಯಲ್ ಸೆಕ್ಯುರಿಟಿ ಎಷ್ಟು ಪಾಲಿಗೆ ತೆರಿಗೆ ಎನ್ನಲು ಒಂದು ಸೂತ್ರ ಇದೆ. ಬೇರೆ ಆದಾಯಕ್ಕೆ ಬೆನಿಫಿಟ್‌ನ ಅರ್ಧ ಸೇರಿಸಿ. 30,000 ಮತ್ತು 45,000, ಒಟ್ಟು 75,000. ಒಂಟಿಯಾಗಿರುವವರಿಗೆ 25,000ದವರೆಗೆ ತೆರಿಗೆ ಇಲ್ಲ. ಅಲ್ಲಿಂದ 34,000ದವರೆಗಿನ ಭಾಗಕ್ಕೆ ಅರ್ಧ, ಅಂದರೆ 4,500. ಅದರ ಮೇಲಿನ 41,000ಕ್ಕೆ ಶೇಕಡಾ 85, ಅಂದರೆ 34,850. ಒಟ್ಟು 39,350 ಡಾಲರ್ ತೆರಿಗೆಯ ಆದಾಯಕ್ಕೆ ಸೇರುತ್ತದೆ.

ಈ 25,000 ಎಂಬ ಗೆರೆ ಎಳೆದದ್ದು 1983ರ ಕಾನೂನಿನಲ್ಲಿ, 34,000 ಬಂದದ್ದು 1993ರಲ್ಲಿ. ಬೆಲೆ ಏರಿಕೆಗೆ ತಕ್ಕಂತೆ ಇವನ್ನು ಏರಿಸುವ ಏರ್ಪಾಡೇ ಇಲ್ಲ. ಆಗ ಅನುಕೂಲಸ್ಥರಿಗೆ ಮಾತ್ರ ತಗಲುತ್ತಿದ್ದ ತೆರಿಗೆ ಈಗ ಸಾಧಾರಣ ಆದಾಯದವರಿಗೂ ತಗಲುತ್ತಿದೆ.

ಲೆಕ್ಕಕ್ಕೆ ಮರಳೋಣ. 30,000 ಮತ್ತು 39,350, ಒಟ್ಟು 69,350. ನಿಗದಿತ ಕಡಿತ, ಅಂದರೆ ಸ್ಟ್ಯಾಂಡರ್ಡ್ ಡಿಡಕ್ಷನ್, 15,750 ಕಳೆದರೆ 53,600. ಫೆಡರಲ್ ತೆರಿಗೆ ಸುಮಾರು 6,706 ಡಾಲರ್. ವಾಪಸ್ ಕೊಟ್ಟ ವಿಷಯ ಎಲ್ಲೂ ಹೇಳದೆ ರಿಟರ್ನ್ ಹಾಕಿದರೆ ಕಟ್ಟಬೇಕಾದ್ದು ಇಷ್ಟು.

ಈಗ ಡಿಡಕ್ಷನ್ ದಾರಿ. ಇದನ್ನು ಶೆಡ್ಯೂಲ್ ಎ ಎಂಬ ಹಾಳೆಯ ಮೇಲೆ ತೋರಿಸಬೇಕು, ಅಂದರೆ ಐಟಮೈಸ್ ಮಾಡಬೇಕು (ಕಡಿತಗಳನ್ನು ಒಂದೊಂದಾಗಿ ಪಟ್ಟಿ ಮಾಡಬೇಕು), ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಡಬೇಕು. 69,350ರಲ್ಲಿ 50,800 ಕಳೆದರೆ 18,550. ತೆರಿಗೆ ಸುಮಾರು 1,987.

ಕ್ರೆಡಿಟ್ ದಾರಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕೈತಪ್ಪುವುದಿಲ್ಲ. 50,800ರಲ್ಲಿ ಅರ್ಧ 2023ಕ್ಕೆ, ಅರ್ಧ 2024ಕ್ಕೆ, ತಲಾ 25,400. 2023ರಲ್ಲಿ 60,000 ಆದಾಯಕ್ಕೆ ಬಿದ್ದ ತೆರಿಗೆ ಸುಮಾರು 5,460. 25,400 ಕಡಿಮೆ ಬಂದಿದ್ದರೆ 2,270 ಆಗುತ್ತಿತ್ತು. ವ್ಯತ್ಯಾಸ 3,190. 2024ರಲ್ಲಿ ಕಟ್ಟಿದ್ದು 5,216, ಆಗಬೇಕಾಗಿದ್ದು 2,168. ವ್ಯತ್ಯಾಸ 3,048. ಎರಡೂ ಸೇರಿ 6,238 ಡಾಲರ್ ಕ್ರೆಡಿಟ್. 2025ರ ತೆರಿಗೆ 6,706ರಿಂದ ಇದನ್ನು ಕಳೆದರೆ ಉಳಿಯುವುದು 468.

ಏನೂ ಕೇಳದಿದ್ದರೆ 6,706. ಡಿಡಕ್ಷನ್ ಕೇಳಿದರೆ 1,987. ಕ್ರೆಡಿಟ್ ಕೇಳಿದರೆ 468. ಮನುಷ್ಯರು ಅವರೇ, ಕಾಗದ ಅದೇ. ಐಆರ್‌ಎಸ್‌ನ ಟೇಬಲ್ ಬಳಸಿದರೆ ನಾಲ್ಕಾರು ಡಾಲರ್ ಆಚೀಚೆ ಆಗಬಹುದು, ಅಷ್ಟೇ.

ಯಾವಾಗಲೂ ಕ್ರೆಡಿಟ್ಟೇ ಗೆಲ್ಲುತ್ತದೆ ಅಂತ ತಿಳಿಯಬೇಡಿ. ಗಂಡ ಹೆಂಡತಿ ಇಬ್ಬರ ರಿಟರ್ನ್, ಒಬ್ಬರು ಒಳ್ಳೆಯ ಸಂಬಳದಲ್ಲಿದ್ದಾರೆ, ಮನೆ ಸಾಲದ ಬಡ್ಡಿಯಿಂದ ಹೇಗೂ ಐಟಮೈಸ್ ಮಾಡುತ್ತಾರೆ ಅಂದರೆ ಡಿಡಕ್ಷನ್ ಮೇಲಾಗಬಹುದು. ಎರಡೂ ಮಾಡಿ ನೋಡಬೇಕು. ಸಾಫ್ಟ್‌ವೇರ್ ಇದನ್ನು ತಾನಾಗಿ ಮಾಡಿಕೊಡುತ್ತದೆ ಅಂತ ನಂಬಬೇಡಿ. ಹಳೆಯ ವರ್ಷದ ತೆರಿಗೆಯನ್ನು ಬೇರೆ ಹಾಳೆಯಲ್ಲಿ ಲೆಕ್ಕ ಹಾಕಿ, ಬಂದ ಕ್ರೆಡಿಟ್ಟನ್ನು ಶೆಡ್ಯೂಲ್ 3ರಲ್ಲಿ ತುಂಬಬೇಕು. ಸಾಲಿನ ನಂಬರ್ ವರ್ಷ ವರ್ಷಕ್ಕೆ ಬದಲಾಗುತ್ತದೆ, ಆ ವರ್ಷದ ಸೂಚನೆ ನೋಡಿ.

ಲಂಪ್‌ಸಮ್ ಎಲೆಕ್ಷನ್ ಎಂಬ ಇನ್ನೊಂದು ದಾರಿ

ಕೆಲವರಿಗೆ ಇದು ಗೊತ್ತಿರುತ್ತದೆ. ಸೋಶಿಯಲ್ ಸೆಕ್ಯುರಿಟಿ ಬಾಕಿಯನ್ನು ಹಿಂದಿನ ವರ್ಷಗಳಿಗೆ ಹಂಚಿ, ಆ ವರ್ಷದ ಆದಾಯದ ಮೇಲೆ ತೆರಿಗೆ ಪಾಲು ಲೆಕ್ಕ ಹಾಕುವ ಆಯ್ಕೆ. ಆದಾಯ ತೆರಿಗೆ ರಿಟರ್ನ್ ಆದ ಫಾರ್ಮ್ 1040ರಲ್ಲಿ ಇದಕ್ಕೆ ಒಂದು ಚೌಕ ಇದೆ. ಹಿಂದಿನ ರಿಟರ್ನ್ ತಿದ್ದುವುದು ಬೇಡ, ಲೆಕ್ಕವೆಲ್ಲ ಈ ವರ್ಷದ ರಿಟರ್ನ್‌ನಲ್ಲೇ. ಆ ವರ್ಷಗಳಲ್ಲಿ ಆದಾಯವೇ ಇಲ್ಲದವರಿಗೆ ಇದು ದೊಡ್ಡ ಉಪಕಾರ.

ಆದರೆ ತೆರಿಗೆ ಬೀಳುವ ಎಲ್‌ಟಿಡಿ ಪಡೆದವರಿಗೆ ಇದು ಕೈಕೊಡಬಹುದು. ಯಾಕೆಂದರೆ ಈ ಲೆಕ್ಕ ಹಿಂದಿನ ವರ್ಷದಲ್ಲಿ ತೋರಿಸಿದ್ದ ಆದಾಯವನ್ನು ಹಾಗೇ ತೆಗೆದುಕೊಳ್ಳುತ್ತದೆ. ವಾಪಸ್ ಕೊಟ್ಟ ಎಲ್‌ಟಿಡಿ ಕೂಡ ಅದರಲ್ಲಿ ಕೂತಿರುತ್ತದೆ. ನಮ್ಮ ಇಂಜಿನಿಯರ್ ಲೆಕ್ಕದಲ್ಲಿ 2023ಕ್ಕೂ 2024ಕ್ಕೂ ಗರಿಷ್ಠ ಶೇಕಡಾ 85 ಬಂದುಬಿಡುತ್ತದೆ, ತಲಾ 25,500. 2025ರ ಸ್ವಂತ ಪಾಲು 13,850. ಒಟ್ಟು 64,850. ಎಲೆಕ್ಷನ್ ಇಲ್ಲದೆ ಬಂದದ್ದು 39,350. ಚೌಕದಲ್ಲಿ ಗುರುತು ಹಾಕಿದ್ದರೆ 25,500 ಡಾಲರ್ ಹೆಚ್ಚು ಆದಾಯಕ್ಕೆ ತೆರಿಗೆ! ಕಡಿಮೆ ಬಂದರೆ ಮಾತ್ರ ಇದನ್ನು ಆರಿಸಿ. ಸ್ನೇಹಿತರಿಗೆ ಅನುಕೂಲವಾಯಿತು ಅಂತ ನೀವೂ ಕಣ್ಣುಮುಚ್ಚಿ ಹಾಕಬೇಡಿ.

ಕಂಪನಿಯ ಪತ್ರ ಬಂದಾಗ

ದುಡ್ಡು ಬಂದ ಖುಷಿಯಲ್ಲಿ ಖರ್ಚು ಮಾಡಬೇಡಿ, ಪತ್ರ ಬಂದ ಗಾಬರಿಯಲ್ಲಿ ತಕ್ಷಣ ಕಳಿಸಲೂ ಬೇಡಿ. ಮೊದಲು ವರ್ಷವಾರು ವಿವರ ಕೇಳಿ. ಯಾವ ವರ್ಷಕ್ಕೆ ಎಷ್ಟು ಹೆಚ್ಚುವರಿ, ವಕೀಲರ ಫೀಸು ಬಿಟ್ಟಿದ್ದಾರೋ ಇಲ್ಲವೋ. ಬರಹದಲ್ಲೇ ಕೊಡಲಿ. ಫೋನಿನಲ್ಲಿ ಹೇಳಿದ್ದು ತೆರಿಗೆಗೆ ಆಗುವುದಿಲ್ಲ.

ಕೇಳುತ್ತಿರುವುದು ತೆರಿಗೆ ಕಳೆಯುವ ಮುಂಚಿನ ಗ್ರಾಸ್ ಮೊತ್ತವೋ ಕಳೆದ ಮೇಲಿನ ನೆಟ್ ಮೊತ್ತವೋ ನೋಡಿ. ಅದೇ ವರ್ಷದ ಹಣಕ್ಕೆ ತೆರಿಗೆ ಕಳೆದ ನೆಟ್ ಕೇಳಬಹುದು. ಹಿಂದಿನ ವರ್ಷದ್ದಾದರೆ ಗ್ರಾಸ್ ಕೇಳುತ್ತಾರೆ, ಯಾಕೆಂದರೆ ಆಗ ಹಿಡಿದ ಫೆಡರಲ್ ಆದಾಯ ತೆರಿಗೆಯನ್ನು ಅವರು ಐಆರ್‌ಎಸ್‌ನಿಂದ ವಾಪಸ್ ಪಡೆಯಲು ಬರುವುದಿಲ್ಲ. ಕೈಗೆ ಬಂದದ್ದಕ್ಕಿಂತ ಜಾಸ್ತಿ ಕೊಡಬೇಕಾಯಿತಲ್ಲ ಅಂತ ಜನ ಸಿಟ್ಟಾಗುವುದು ಇಲ್ಲೇ. ಸಿಟ್ಟು ಸಹಜ. ಆ ವ್ಯತ್ಯಾಸವನ್ನು ವಾಪಸ್ ತರುವುದಕ್ಕೇ ಸೆಕ್ಷನ್ 1341 ಇರುವುದು.

ಫೈಕಾ ಮಾತ್ರ ಬೇರೆ. ಕೆಲಸ ಬಿಟ್ಟ ತಿಂಗಳ ನಂತರದ 6 ತಿಂಗಳಲ್ಲಿ ಬಂದ ತೆರಿಗೆಯ ಎಲ್‌ಟಿಡಿಗೆ ಫೈಕಾ ಕಡಿತ ಇರುತ್ತದೆ. ಆ ತಿಂಗಳುಗಳ ಹಣ ವಾಪಸಾದರೆ ಕಡಿತವೂ ವಾಪಸಾಗಬೇಕು, ಅದಕ್ಕೆ ತಿದ್ದುಪಡಿಯ ಡಬ್ಲ್ಯು-2ಸಿ ಕೊಡುತ್ತಾರೆ. ಆ ಕಾಗದ ನೋಡಿ ಆದಾಯ ತೆರಿಗೆಯ ಹಳೆಯ ರಿಟರ್ನ್ ತಿದ್ದಲು ಹೋಗಬೇಡಿ.

ಕೊಟ್ಟದ್ದಕ್ಕೆ ಚೆಕ್ಕಿನ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್, ಕಂಪನಿಯಿಂದ ಪೂರ್ತಿ ಬಂತು ಎಂಬ ಪತ್ರ, ಇವನ್ನೆಲ್ಲ ಮಂಜೂರಾತಿ ಪತ್ರದ ಜೊತೆ ಒಂದೇ ಕಡೆ ಇಡಿ. ಕಾಯಿಲೆಯವರಿಗೆ ಇದೆಲ್ಲ ಆಗಲ್ಲ, ಮನೆಯವರೋ ಸ್ನೇಹಿತರೋ ಮಾಡಿಕೊಡಬೇಕು.

ಇನ್ನು ಆರೋಗ್ಯವಾಗಿ ದುಡಿಯುತ್ತಿರುವವರಿಗೆ ಒಂದು ಮಾತು. ವರ್ಷಕ್ಕೊಮ್ಮೆ ಬೆನಿಫಿಟ್ಸ್ ಆರಿಸುವ ಓಪನ್ ಎನ್‌ರೋಲ್‌ಮೆಂಟ್ ಬಂದಾಗ ಎಲ್‌ಟಿಡಿ ಪ್ರೀಮಿಯಂನ್ನು ತೆರಿಗೆ ಕಳೆದ ಸಂಬಳದಿಂದ ಕಟ್ಟುವ ಆಯ್ಕೆ ಇದೆಯೇ ಎಂದು ಎಚ್‌ಆರ್ ಹತ್ತಿರ ಕೇಳಿ. ಪ್ರೀಮಿಯಂ ಸಣ್ಣದು, ಅದರ ಮೇಲಿನ ತೆರಿಗೆ ಇನ್ನೂ ಸಣ್ಣದು. ಕಾಯಿಲೆ ಬಂದರೆ ಬರುವ ಹಣ ಪೂರ್ತಿ ತೆರಿಗೆ ಇಲ್ಲದ್ದು. ವಾಪಸ್ ಕೊಡಬೇಕಾಗಿ ಬಂದರೂ ಈ ತಲೆನೋವು ಯಾವುದೂ ಇಲ್ಲ. ನನ್ನನ್ನು ಕೇಳಿದರೆ, ಆಯ್ಕೆ ಇದ್ದಲ್ಲಿ ಇದನ್ನೇ ಮಾಡಿ ಅನ್ನುತ್ತೇನೆ.

ಸಭಿಕರ ಪ್ರಶ್ನೆಗಳು

ಒಬ್ಬ ಹಿರಿಯರು ಕೇಳಿದರು: ಸೋಶಿಯಲ್ ಸೆಕ್ಯುರಿಟಿಗೆ ಇನ್ನು ತೆರಿಗೆಯೇ ಇಲ್ಲ ಅಂತ 2025ರಲ್ಲಿ ಸುದ್ದಿ ಬಂತಲ್ಲ ಸರ್?

ಅದು ಹಾಗಲ್ಲ ಸರ್. 2025ರಿಂದ 2028ರವರೆಗೆ, 65 ತುಂಬಿದವರಿಗೆ ಆದಾಯ ಮಿತಿಯೊಳಗೆ 6,000 ಡಾಲರ್ ಹೆಚ್ಚುವರಿ ಡಿಡಕ್ಷನ್ ಬಂದಿದೆ. 65ಕ್ಕಿಂತ ಕೆಳಗಿನ ಎಸ್‌ಎಸ್‌ಡಿಐ ಪಡೆಯುವವರಿಗೆ ಅದು ಸಿಗುವುದಿಲ್ಲ. ಸೂತ್ರ ಹಳೆಯದೇ.

ಇನ್ನೊಬ್ಬರು ಕೇಳಿದ್ದು ಮಕ್ಕಳ ಬಗ್ಗೆ. ಅಪ್ಪನಿಗೆ ಎಸ್‌ಎಸ್‌ಡಿಐ ಬಂದರೆ 18ರೊಳಗಿನ ಮಕ್ಕಳಿಗೂ ಸ್ವಲ್ಪ ಬರುತ್ತದೆ. ಬಹಳ ಪಾಲಿಸಿಗಳು ಅದನ್ನೂ ಎಲ್‌ಟಿಡಿ ಹಣದಿಂದ ಕಳೆಯುತ್ತವೆ. ತೆರಿಗೆಯ ಲೆಕ್ಕದಲ್ಲಿ ಅದು ಮಗುವಿನ ಆದಾಯ, ಕಾಗದ ಮಗುವಿನ ಹೆಸರಲ್ಲೇ ಬರುತ್ತದೆ. ಅಪ್ಪನ ರಿಟರ್ನ್‌ಗೆ ಸೇರಿಸಬೇಡಿ. ಮಗುವಿಗೆ ಬೇರೆ ಆದಾಯ ಇಲ್ಲದಿದ್ದರೆ ಸಾಮಾನ್ಯವಾಗಿ ತೆರಿಗೆ ಬರುವುದಿಲ್ಲ.

ಸರ್ಕಾರದ ಸಬ್ಸಿಡಿ ಸಿಗುವ ಮಾರ್ಕೆಟ್‌ಪ್ಲೇಸ್‌ನಲ್ಲಿ ಹೆಲ್ತ್ ಇನ್ಶೂರೆನ್ಸ್ ತಗೊಂಡಿದ್ದೇವೆ, ತೊಂದರೆಯಾ ಅಂತ ಒಬ್ಬ ಹೆಣ್ಣುಮಗಳು ಕೇಳಿದರು. ಆಗಬಹುದು ಅಮ್ಮ. ಸಬ್ಸಿಡಿ ಲೆಕ್ಕಕ್ಕೆ ಸೋಶಿಯಲ್ ಸೆಕ್ಯುರಿಟಿ ಪೂರ್ತಿ ಸೇರುತ್ತದೆ, ತೆರಿಗೆ ಬೀಳದ ಪಾಲೂ ಸೇರಿ. ಸೆಕ್ಷನ್ 1341ರ ಡಿಡಕ್ಷನ್ನಾಗಲಿ ಕ್ರೆಡಿಟ್ಟಾಗಲಿ ಆ ಆದಾಯವನ್ನು ಇಳಿಸುವುದಿಲ್ಲ. ಮಂಜೂರಾತಿ ಪತ್ರ ಬಂದ ಕೂಡಲೇ ಮಾರ್ಕೆಟ್‌ಪ್ಲೇಸ್‌ಗೆ ಆದಾಯ ಬದಲಾವಣೆ ತಿಳಿಸಿ. ವರ್ಷದ ಕೊನೆಗೆ ಸಬ್ಸಿಡಿ ವಾಪಸ್ ಕಟ್ಟುವ ಹೊರೆ ಅಷ್ಟಾದರೂ ಕಡಿಮೆಯಾಗುತ್ತದೆ.

ರಾಜ್ಯದ ತೆರಿಗೆ? ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ ಎರಡೂ ಸೋಶಿಯಲ್ ಸೆಕ್ಯುರಿಟಿಗೆ ತೆರಿಗೆ ಹಾಕುವುದಿಲ್ಲ. ಟೆಕ್ಸಾಸ್‌ನಲ್ಲಿ ಆದಾಯ ತೆರಿಗೆಯೇ ಇಲ್ಲ. ಆದರೆ ಹಿಂದಿನ ವರ್ಷದ ಎಲ್‌ಟಿಡಿಗೆ ನಿಮ್ಮ ರಾಜ್ಯದಲ್ಲಿ ತೆರಿಗೆ ಕಟ್ಟಿದ್ದರೆ ಅದನ್ನು ವಾಪಸ್ ಪಡೆಯುವ ನಿಯಮ ರಾಜ್ಯಕ್ಕೆ ರಾಜ್ಯ ಬೇರೆ. ಅದನ್ನು ಪ್ರತ್ಯೇಕವಾಗಿ ನೋಡಬೇಕು.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. ನಮ್ಮ ಅಣ್ಣ ಎರಡು ವರ್ಷದ ಹಿಂದೆಯೇ ವಾಪಸ್ ಕೊಟ್ಟಾಯಿತು, ಈ ಕ್ರೆಡಿಟ್ ಕೇಳಲೇ ಇಲ್ಲ, ಈಗ ಕಾಲ ಮೀರಿತೇ?

ಮೀರಿಲ್ಲ. ವಾಪಸ್ ಕೊಟ್ಟ ವರ್ಷದ ರಿಟರ್ನ್ ಹಾಕಿ 3 ವರ್ಷ ಆಗಿಲ್ಲದಿದ್ದರೆ ರಿಟರ್ನ್ ತಿದ್ದುವ ಫಾರ್ಮ್ 1040-ಎಕ್ಸ್ ಹಾಕಿ ಕೇಳಬಹುದು. ತಿದ್ದಬೇಕಾದ್ದು ದುಡ್ಡು ಕೊಟ್ಟ ವರ್ಷದ ರಿಟರ್ನ್, ದುಡ್ಡು ಪಡೆದ ವರ್ಷದ್ದಲ್ಲ. ಆ ವರ್ಷದ ಎಸ್‌ಎಸ್‌ಎ-1099, ಎಲ್‌ಟಿಡಿ ಬಂದ ವರ್ಷಗಳ ಡಬ್ಲ್ಯು-2 ಮತ್ತು ರಿಟರ್ನ್, ಕಂಪನಿಗೆ ಕೊಟ್ಟ ಚೆಕ್ಕಿನ ಪ್ರತಿ, ಇಷ್ಟು ತೆಗೆದಿಡಲು ಅವರಿಗೆ ಇವತ್ತೇ ಫೋನ್ ಮಾಡಿ ಹೇಳಿ.